ಬಿಸಿಲಣ್ಣನ ಮನೆಯ ಬಿಸಿನೀರು

ಆ ಊರಿಗೆ ಸೂರ್ಯ ಬರುವುದು ಅವಸರದ ನೆಂಟನ ಹಾಗೆ. ಬಂದ ಬಂದ ಅಂತ ಮನೆಮಂದಿಯೆಲ್ಲ ಹೊರಗೆ ಬರುವಷ್ಟರಲ್ಲಿ "ಸರಿ, ಇನ್ನೊಮ್ಮೆ ಬರ್ತೀನಿ" ಅಂತ ಹೊರಟೇಬಿಟ್ಟಿರುತ್ತಾನೆ. ಉಳಿದ ಹೊತ್ತೆಲ್ಲ ಆಕಾಶವೆಂದರೆ ಒಗೆದು ಹಿಂಡದೆ ನೇತುಹಾಕಿದ ಬೂದುಬಣ್ಣದ ಕಂಬಳಿ. ಇಂಥ ಊರಿನಲ್ಲಿ ಒಬ್ಬ ಮನುಷ್ಯ ತನ್ನ ಆಯಸ್ಸಿನ ಒಳ್ಳೆಯ ಭಾಗವನ್ನೆಲ್ಲ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಕೂರಿಸುವುದರಲ್ಲೇ ಕಳೆದರೆ ಜನ ಸುಮ್ಮನಿರುತ್ತಾರೆಯೇ? ಬಿಸಿಲಣ್ಣ ಅಂತ ಹೆಸರಿಟ್ಟರು. ಮೊದಲು ಕುಹಕಕ್ಕೆ ಕರೆದರು, ಆಮೇಲೆ ಅಭ್ಯಾಸಕ್ಕೆ ಕರೆದರು, ಕೊನೆಗೆ ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತು, ಯಾರಾದರೂ ಅದನ್ನು ಕೂಗಿದರೆ ಹಿಂದೆ ತಿರುಗಿ ಬೇರೆ ಯಾರಿದ್ದಾರೆ ಅಂತ ನೋಡುವಂತಾಯಿತು.

"ಅಲ್ಲಯ್ಯಾ, ಮೀನಿಗೆ ಈಜು ಕಲಿಸೋನಿಗಾದ್ರೂ ಸಂಬಳ ಸಿಗಬಹುದು. ಇಲ್ಲಿ ಬಿಸಿಲು ಮಾರ್ತೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು" ಅಂತ ಕಟಿಂಗ್ ಶಾಪಿನವನು ದಿನಾ ಒಂದು ಸಲ ಹೇಳುತ್ತಿದ್ದ. ಇವರಿಬ್ಬರೂ ಜೊತೆಯಲ್ಲಿ ಚಡ್ಡಿ ಹರಿದುಕೊಂಡವರು. ಆದ್ದರಿಂದ ಒಬ್ಬರಿಗೊಬ್ಬರು ಮರ್ಯಾದೆ ಕೊಡಬೇಕಾದ ಕಷ್ಟವಿರಲಿಲ್ಲ.

ಬಿಸಿಲಣ್ಣನ ಉತ್ತರವೂ ದಿನಾ ಒಂದೇ. "ಮೋಡ ಇದ್ರೆ ಹಗಲು ಆಗೋದೇ ಇಲ್ವೇನೋ? ನೀನು ಕತ್ತರಿ ಹಿಡ್ಕೊಂಡು ಕಿವಿ ಯಾವುದು ಕೂದಲು ಯಾವುದು ಅಂತ ನೋಡ್ತೀಯಲ್ಲ, ಆ ಬೆಳಕು ಎಲ್ಲಿಂದ ಬಂತು? ನಿನ್ನ ಕಣ್ಣಿಗೆ ಸಾಕಾದ ಬೆಳಕು ನನ್ನ ಗಾಜಿನ ಕೊಳವೆಗೂ ಸಾಕು. ನೀರು ಕುದಿಯಲ್ಲ, ಒಪ್ಪಿದೆ. ಆದ್ರೆ ಕೊರೆಯೋ ನೀರು ಬೆಚ್ಚಗಾಗುತ್ತಲ್ಲ, ಅಷ್ಟು ದೂರ ಸೂರ್ಯ ಹೊತ್ತು ತಂದ. ಉಳಿದ ನಾಲ್ಕು ಹೆಜ್ಜೆ ಕರೆಂಟು ಹೊರಲಿ."

ಮಾತು ಖರೆಯೇ. ಆದರೂ ಅವನ ಗಿರಾಕಿಗಳಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುತ್ತಿದ್ದರು. ಟ್ಯಾಂಕಿನ ತಳದಲ್ಲಿ ಕರೆಂಟಿನ ಕಾಯಿಲ್ ಒಂದಿರುತ್ತದೆ. ತೀರಾ ಮಂಕು ದಿನಗಳಿಗೆ ಅಂತ. ಅದನ್ನು ಸಂಜೆ ಬೆಳಕು ಹೋದಮೇಲೆ, ಬೇಕಿದ್ದರೆ ಮಾತ್ರ ಹಾಕಬೇಕು. ಜನ ಏನು ಮಾಡುತ್ತಿದ್ದರೆಂದರೆ ಬೆಳಿಗ್ಗೆ ಏಳುತ್ತಲೇ ಸ್ವಿಚ್ ಒತ್ತಿಬಿಡುತ್ತಿದ್ದರು. ಸೂರ್ಯ ಮೋಡದ ಹಿಂದಿನಿಂದ ಕಣ್ಣುಜ್ಜಿಕೊಂಡು ಕೆಲಸಕ್ಕೆ ಬರುವಷ್ಟರಲ್ಲಿ ಟ್ಯಾಂಕು ಆಗಲೇ ಕಾದು ಕೂತಿರುತ್ತಿತ್ತು. ಮಾಡಿನ ಮೇಲಿನ ಕೊಳವೆಗಳು ಟ್ಯಾಂಕಿಗಿಂತ ಬೆಚ್ಚಗಾದರೆ ತಾನೇ ನೀರನ್ನು ಮೇಲೆ ಕೆಳಗೆ ತಿರುಗಿಸುವ ಪಂಪು ಶುರುವಾಗುವುದು? ಅದು ಶುರುವಾಗುತ್ತಲೇ ಇರಲಿಲ್ಲ. ಆಮೇಲೆ ಇವರೇ "ನಿನ್ನ ಸೂರ್ಯ ಸೋಮಾರಿ" ಅಂತ ಜಗಳಕ್ಕೆ ಬರುವುದು.

ಕಟಿಂಗ್ ಶಾಪಿನವನೂ ಹಾಗೇ ಬಂದಿದ್ದ. "ಗಡ್ಡಕ್ಕೆ ಬಿಸಿನೀರು ಸಿಗ್ತಿದೆ ನಿಜ, ಆದ್ರೆ ಅದೆಲ್ಲ ಕರೆಂಟಿಂದು. ನಿನ್ನ ಗಾಜಿನ ಕೊಳವೆ ಮೇಲೆ ಕಾಗೆ ಕೂರೋದು ಬಿಟ್ರೆ ಬೇರೆ ಪ್ರಯೋಜನ ಕಾಣೆ."

"ಹೊಟ್ಟೆ ತುಂಬಿದವನ ಮುಂದೆ ಎಲೆ ಹಾಕಿ, ಯಾಕೆ ತಿನ್ನಲ್ಲ ಅಂತ ಬೈತೀಯಲ್ಲೋ! ಬೆಳಿಗ್ಗೆ ಟ್ಯಾಂಕು ಹಸಿದಿರಬೇಕು. ಜಾಗ ಬಿಡು. ಜಾಗ ಬಿಟ್ರೆ ತಾನೇ ಬರೋರು ಬರೋದು?"

ಈ ಮಾತನ್ನು ಅವನು ಊರಿನ ಎಷ್ಟೋ ಮನೆಗಳ ಬಚ್ಚಲಲ್ಲಿ ನಿಂತು ಹೇಳಿದ್ದ. ಒಂದು ಮನೆಯ ಬಚ್ಚಲಲ್ಲಿ ಮಾತ್ರ ಹೇಳಿರಲಿಲ್ಲ. ಅದು ಅವನದೇ ಮನೆ. ಯಾಕೆಂದರೆ ಅಲ್ಲಿ ಸೋಲಾರೇ ಇರಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಹಾಕಬಾರದು ಅಂತೇನೂ ಇರಲಿಲ್ಲ. ಮನೆಗೆಂದು ಒಂದು ಸೆಟ್ ಎತ್ತಿಡುತ್ತಿದ್ದ. ಅಷ್ಟರಲ್ಲಿ ಬಾಣಂತಿ ಇರುವ ಮನೆಯವರು ಬರುತ್ತಿದ್ದರು, ಅದು ಅಲ್ಲಿಗೆ ಹೋಗುತ್ತಿತ್ತು. ಇನ್ನೊಂದು ಎತ್ತಿಡುತ್ತಿದ್ದ. ಸೊಂಟ ಮುರಿದ ಮುದುಕಪ್ಪನ ಮಗಳು ಕಣ್ಣಲ್ಲಿ ನೀರು ಹಾಕಿಕೊಂಡು ಬರುತ್ತಿದ್ದಳು, ಅದು ಅಲ್ಲಿಗೆ. ಪಡಸಾಲೆಯಲ್ಲಿ ಉಳಿಯುತ್ತಿದ್ದುದು ಜೋಡಿಯಿಲ್ಲದ ಕೊಳವೆ, ಬಾಯಿ ಸವೆದ ನಲ್ಲಿ, ಎಲ್ಲಿಯದೋ ವಾಷರು. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ಹೆಂಡತಿ ನಗುತ್ತಲೇ ಕೊಳವೆಗಳನ್ನು ದಾಟಿಕೊಂಡು ಒಲೆಯ ಮೇಲೆ ಕೆಟಲ್ ಇಡುತ್ತಿದ್ದಳು.

ಹೆಂಡತಿ ಉಣ್ಣೆನೂಲಿಗೆ ಬಣ್ಣ ಹಾಕುವವಳು. ಹಿತ್ತಲ ಕೋಣೆಯಲ್ಲಿ ಎರಡು ದೊಡ್ಡ ಹಂಡೆಗಳು, ಗೋಡೆಯುದ್ದಕ್ಕೂ ಕೋಲುಗಳು, ಕೋಲುಗಳ ಮೇಲೆ ನೂಲಿನ ಲಡಿಗಳು. ಬಣ್ಣ ಹಾಕುವುದು ಸುಲಭ, ತೊಳೆಯುವುದು ಕಷ್ಟ ಅನ್ನುತ್ತಿದ್ದಳು. ಹಂಡೆಯಿಂದ ತೆಗೆದ ಲಡಿ ನೀರಿಗೆ ಬಣ್ಣ ಬಿಡುತ್ತಲೇ ಇರುತ್ತದೆ. ನೀರು ತಿಳಿಯಾಗುವ ತನಕ ಜಾಲಿಸಬೇಕು. ಉಣ್ಣೆಯೋ ಮಹಾ ಮುನಿಸಿನ ಜಾತಿ. ಕುದಿನೀರು ಸೋಕಿದರೆ ಮುದುಡುತ್ತದೆ, ತಣ್ಣೀರು ಸೋಕಿದರೆ ಗಂಟಾಗುತ್ತದೆ. ಉಗುರುಬೆಚ್ಚಗಿನ ನೀರೇ ಆಗಬೇಕು. ಕೆಟಲ್ ಕೆಟಲ್ ಕಾಯಿಸಿ ಬೆರೆಸುವಾಗ, ಉಣ್ಣೆಗೆ ಮೊದಲು, ಹಂಡೆ ಕೋಲು ತೊಳೆಯುವ ತನ್ನ ಕೈಗೆ ಉಳಿದರೆ ಆಮೇಲೆ. ಉಳಿಯುತ್ತಿದ್ದುದು ಅಪರೂಪ.

ಇಬ್ಬರೂ ಮೊದಲು ಎದುರುಬದುರಾದದ್ದು ಅವಳು ಆಗ ಕೆಲಸಕ್ಕಿದ್ದ ಬಣ್ಣದ ಕಾರ್ಖಾನೆಯಲ್ಲಿ. ಅವನು ಅಲ್ಲಿ ಸೋಲಾರ್ ಕೂರಿಸಿ ಕೆಳಗಿಳಿದಾಗ, ಮೊಣಕೈವರೆಗೂ ನೀಲಿಯಾಗಿದ್ದ ಒಬ್ಬ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, "ಎಲ್ಲ ಸರಿ, ಇದು ಕೆಲಸ ಮಾಡ್ತಿದೆ ಅಂತ ನಮಗೆ ಗೊತ್ತಾಗೋದು ಹೇಗೆ?" ಅಂದಿದ್ದಳು.

"ಪಂಪು ಗುನುಗುತ್ತೆ."

"ಈಗ ಗುನುಗ್ತಿಲ್ಲವಲ್ಲ?"

"ಕಾಯಬೇಕು."

ಇಬ್ಬರೂ ಟ್ಯಾಂಕಿಗೆ ಒರಗಿ ಕಾದರು. ಹೊರಗೆ ಮೋಡ. ಎಷ್ಟೋ ಹೊತ್ತಿನ ಮೇಲೆ ದುಂಬಿಯೊಂದು ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಪಂಪು ಗುಂಯ್ ಅಂದಿತು. ಅವಳ ಮುಖದಲ್ಲಿ ಮೂಡಿದ ನಗೆ ನೋಡಿ ಅವನಿಗೆ ತನ್ನ ಕಸುಬಿನ ಮೇಲೆ ಅಪಾರ ಗೌರವ ಬಂತು. ಆ ಗೌರವದಲ್ಲೇ ಮದುವೆಯೂ ಆಗಿಹೋಯಿತು.

ಮದುವೆಯ ಹೊಸತರಲ್ಲಿ ಅವಳು ಕೆಂಪು ನೂಲಿನ ಟೋಪಿ ಹೆಣೆದುಕೊಟ್ಟಿದ್ದಳು. "ಚಳಿಗೆ ಅಂದ್ಕೋಬೇಡಿ. ಯಾರ ಮಾಡಿನ ಮೇಲಿದ್ದೀರಿ ಅಂತ ನನಗೆ ಕಾಣ್ಲಿ ಅಂತ." ಬೂದು ಊರಿನ ಬೂದು ಮಾಡುಗಳ ಮೇಲೆ ಆ ಕೆಂಪು ಚುಕ್ಕೆ ಅಲ್ಲಿಂದಿಲ್ಲಿಗೆ ಓಡಾಡುತ್ತಿತ್ತು. ಅವಳು ಹಿತ್ತಲ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗುತ್ತಿದ್ದಳು. ಅವನು ನೋಡಿಯೂ ನೋಡದವನ ಹಾಗೆ ಇನ್ನೂ ಎರಡು ಬೋಲ್ಟು ಬಿಗಿಯುತ್ತಿದ್ದ.

ವರ್ಷಗಳು ತಣ್ಣೀರಲ್ಲಿ ಜಾಲಿಸಿಕೊಂಡು ಹೋದವು. ಅವಳ ಬೆರಳ ಗಂಟುಗಳು ಊದತೊಡಗಿದವು. ಬೆಳಿಗ್ಗೆ ಎದ್ದರೆ ಗುಂಡಿ ಹಾಕಿಕೊಳ್ಳಲು ಬಾರದಷ್ಟು. ಕಳೆದ ಚಳಿಗಾಲದಲ್ಲಿ ಬಿಸಿಲೂರಿನಲ್ಲಿದ್ದ ಅವಳ ಅಕ್ಕ ಬಂದು, ತಂಗಿಯ ಕೈ ಹಿಡಿದು ನೋಡಿ, ಅವಳ ಗಂಡನ ಕಡೆಗೂ ಒಂದು ಸಲ ನೋಡಿ, ಅವಳನ್ನು ಕರೆದುಕೊಂಡು ಹೋದಳು. ಚಳಿ ಮುಗಿಯುವ ತನಕ ಅಂತ ಹೋದವಳು. ಚಳಿ ಮುಗಿಯಿತು. ಮಳೆಯೂ ಮುಗಿಯಿತು. ಜಗಳವಾಡಿ ಹೋಗಿದ್ದರೆ ರಾಜಿ ಮಾಡಿಕೊಳ್ಳಬಹುದಿತ್ತು. ನಗುನಗುತ್ತಾ ಹೋದವಳನ್ನು ಏನಂತ ವಾಪಸ್ಸು ಕರೆಯುವುದು?

ಫೋನ್ ಮಾತ್ರ ಬರುತ್ತಿತ್ತು. "ರೀ, ಇಲ್ಲಿ ಏನ್ ಬಿಸಿಲು ಅಂತೀರಿ! ಲಡಿ ಹರವಿ ಒಳಗೆ ಹೋಗಿ ಬರೋದ್ರಲ್ಲಿ ಒಣಗಿರುತ್ತೆ. ಬೆರಳು ಪೂರ್ತಿ ಮಡಚೋಕೆ ಬರ್ತಿದೆ, ಗೊತ್ತಾ?"

"ಒಳ್ಳೇದಾಯ್ತು ಬಿಡು" ಅನ್ನುತ್ತಿದ್ದ. ಒಳ್ಳೆಯದೇ ಆಗಿತ್ತು. ಅದೇ ಸಂಕಟ. ಫೋನ್ ಇಟ್ಟಮೇಲೆ ಕಿಟಕಿಯಿಂದ ಆಕಾಶ ನೋಡಿ ಹಲ್ಲು ಕಡಿಯುತ್ತಿದ್ದ. ಜೀವಮಾನವೆಲ್ಲ ಯಾರ ಪರವಾಗಿ ಊರಿನ ಜನರ ಹತ್ತಿರ ವಾದ ಮಾಡಿದನೋ, ಅವನೇ ಬೇರೆ ಊರಲ್ಲಿ ತನ್ನ ಹೆಂಡತಿಯನ್ನು ಕೂರಿಸಿಕೊಂಡಿದ್ದಾನೆ. ಗಂಡಸರಿಗೂ ಸವತಿ ಅಂತ ಒಂದು ಇರುವುದಾದರೆ ಅದು ಈ ಸೂರ್ಯ.

"ನೀವೂ ಬಂದ್ಬಿಡಿ" ಅಂತ ಅವಳು ಒಮ್ಮೆ ಅಂದಳು.

"ಅಲ್ಲಿ ನನಗೇನು ಕೆಲಸವೇ? ಅಲ್ಲಿ ಸೂರ್ಯ ತಾನೇ ಮನೆಮನೆಗೆ ಹೋಗ್ತಾನೆ. ನನ್ನಂಥ ದಲ್ಲಾಳಿ ಯಾಕೆ?"

ಅವಳು ನಕ್ಕಳು. ಆ ನಗು ಫೋನಿನಲ್ಲಿ ಬಂದದ್ದು ಅರ್ಧ. ಉಳಿದರ್ಧ ಹೇಗಿತ್ತು ಅಂತ ನೆನೆಸಿಕೊಳ್ಳುತ್ತಾ ಅವನು ಖಾಲಿ ಹಿತ್ತಲ ಕೋಣೆಯಲ್ಲಿ ಕೂತಿದ್ದ. ಹಂಡೆಗಳ ಒಳಗೆ ಬಗ್ಗಿ ನೋಡಿದ. ತಳದಲ್ಲಿ ಹಳೆಯ ನೀಲಿಯ ಒಂದು ಕಲೆ. ಬೆರಳಿಂದ ಉಜ್ಜಿದ. ಹೋಗಲಿಲ್ಲ. ಹೋಗದ್ದಕ್ಕೆ ಸಮಾಧಾನವಾಯಿತು. ಈಗಲೂ ಮಾಡು ಹತ್ತಿದಾಗೆಲ್ಲ ಟೋಪಿ ಹಾಕಿಕೊಳ್ಳುತ್ತಿದ್ದ. ಅದು ತೊಳೆದು ತೊಳೆದು ಬಿಳಚಿ, ಕೆಂಪು ಅನ್ನಲು ನಾಚಿಕೆಯಾಗುವಷ್ಟಾಗಿತ್ತು. ಹಾಕಿಕೊಂಡು ಅಭ್ಯಾಸಬಲದಿಂದ ತನ್ನ ಹಿತ್ತಲ ಬಾಗಿಲ ಕಡೆ ತಿರುಗುತ್ತಿದ್ದ. ಬಾಗಿಲು ಮುಚ್ಚಿರುತ್ತಿತ್ತು. ಕೆಳಗಿನಿಂದ ಮನೆಯವರು "ಏನಣ್ಣ, ಸ್ಪ್ಯಾನರ್ ಬಿತ್ತಾ?" ಅಂತ ಕೇಳಿದರೆ "ಇಲ್ಲ, ಇಲ್ಲೇ ಇದೆ" ಅನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ಫೋನಿನಲ್ಲಿ ಅವಳ ದನಿ ಸ್ವಲ್ಪ ಬೇರೆಯಾಗಿತ್ತು. "ರೀ, ಅಕ್ಕನ ಮನೆ ಪಕ್ಕದಲ್ಲೇ ಒಂದು ಶೆಡ್ ಸಿಕ್ಕಿದೆ. ನೂಲು ಕೊಡೋರೂ ಇದ್ದಾರೆ. ಮುಂದಿನ ವಾರ ಬಂದು ಹಂಡೆಗಳನ್ನ ತಗೊಂಡು ಹೋಗ್ತೀನಿ. ವ್ಯಾನಿಗೂ ಹೇಳಿದೀನಿ."

"ಹಂಡೆಯಾ?" ಅಂದ ಅವನು.

"ಹೂಂ. ಅಂಥ ದಪ್ಪ ತಳದ್ದು ಈಗ ಎಲ್ಲಿ ಸಿಗುತ್ತೆ?"

ಸೀರೆ, ಶಾಲು, ಕನ್ನಡಕ ಎಲ್ಲ ಹೋಗಿದ್ದರೂ ಅವನು ಧೈರ್ಯವಾಗಿದ್ದುದು ಆ ಹಂಡೆಗಳ ಮೇಲೆ. ಹಂಡೆ ಇಲ್ಲಿದೆ ಅಂದರೆ ಅವಳು ಊರಿಗೆ ಹೋಗಿದ್ದಾಳೆ ಅಂತ ಅರ್ಥ. ಹಂಡೆ ಹೋಯಿತು ಅಂದರೆ ಅವಳು ಹೊರಟೇಹೋದಳು ಅಂತ. ಅವನು ನೇರ ಕಟಿಂಗ್ ಶಾಪಿಗೆ ಹೋಗಿ ಬೆಂಚಿನ ಮೇಲೆ ಕುಸಿದ.

"ಏನೋ, ಗಡ್ಡವಾ?"

"ಏಣಿ ಹಿಡ್ಕೊಳ್ಳೋಕೆ ಬಾ."

"ಯಾರ ಮನೆ?"

"ನಮ್ಮನೆ."

ಕಟಿಂಗ್ ಶಾಪಿನವನು ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಇವನ ಮುಖ ನೋಡಿದ. ಗೇಲಿ ನಾಲಿಗೆ ತುದಿವರೆಗೆ ಬಂದು ವಾಪಸ್ಸು ಹೋಯಿತು. "ಈ ಕೆನ್ನೆ ಒಂದು ಮುಗಿಸಿ ಬರ್ತೀನಿ, ಕೂತ್ಕೋ" ಅಂದ.

ಪಡಸಾಲೆಯ ಅನಾಥ ಕೊಳವೆಗಳೆಲ್ಲ ಮಾಡು ಹತ್ತಿದವು. ಒಂದು ಕಪ್ಪು, ಒಂದು ನೀಲಿಗಪ್ಪು, ಒಂದರ ತುದಿ ಬೆಳ್ಳಿ, ಇನ್ನೊಂದರದು ತಾಮ್ರ. ಊರಿನವರ ಹಲ್ಲುಗಳನ್ನೆಲ್ಲ ಒಂದೇ ಬಾಯಲ್ಲಿ ಜೋಡಿಸಿದ ಹಾಗಿದೆ ಅಂತ ಕೆಳಗಿನಿಂದ ಟೀಕೆ ಬಂತು. ಟ್ಯಾಂಕು ಹಿತ್ತಲ ಕೋಣೆಯ ಮೂಲೆಗೆ, ಪೈಪು ಮಾಡಿನಿಂದ ಅಲ್ಲಿಯ ತನಕ. ಪೈಪಿನುದ್ದಕ್ಕೂ ಶಾಖ ಸೋರದ ಹಾಗೆ ದಪ್ಪ ಹೊದಿಕೆ ಸುತ್ತಿದ, ಕೂಸಿಗೆ ಬಟ್ಟೆ ಸುತ್ತುವಷ್ಟು ನಾಜೂಕಾಗಿ. ಇಷ್ಟು ವರ್ಷ "ನಾಳೆ ನಾಳೆ" ಅಂದ ಕೆಲಸ ಮೂರು ದಿನದೊಳಗೆ ಮುಗಿದದ್ದು ನೋಡಿ ಅವನಿಗೇ ತನ್ನ ಮೇಲೆ ಅಸಹ್ಯವಾಯಿತು.

ಆ ವಾರ ಮೋಡವಾದರೂ ಎಂಥ ಮೋಡ! ಮರದ ತುದಿಗೆ ತಾಗುವ ಮೋಡ. ಆದರೂ ಮಧ್ಯಾಹ್ನಕ್ಕೆ ಪಂಪು ಗುನುಗಿತು. ನಲ್ಲಿ ಬಿಟ್ಟು ಕೈಯೊಡ್ಡಿದ. ಉಗುರುಬೆಚ್ಚಗೆ. ಬೇರೆ ಯಾರ ಮನೆಯಲ್ಲಾದರೂ "ಶಹಬ್ಬಾಸ್" ಅನ್ನುತ್ತಿದ್ದ. ಇಲ್ಲಿ ನಲ್ಲಿ ಮುಚ್ಚಿ ಕೈ ಒರೆಸಿಕೊಂಡ. ಬಿಸಿಲೂರು ಬಿಟ್ಟು ಬರಬೇಕಾದವಳಿಗೆ ಇಷ್ಟೇನಾ? ಉಗುರುಬೆಚ್ಚಗಿನ ನೀರಿಗೆ ಯಾವ ಹೆಂಡತಿ ವಾಪಸ್ಸು ಬರುತ್ತಾಳೆ?

ಅವಳು ಬರುವ ದಿನ ಬೆಳಿಗ್ಗೆ ಎದ್ದವನೇ, ಊರಿಗೆಲ್ಲ ಮಾಡಬೇಡಿ ಅಂದದ್ದನ್ನು ಮಾಡಿದ. ಕಾಯಿಲ್ ಸ್ವಿಚ್ ಒತ್ತಿದ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ವ್ಯಾನು ಬಂದು ನಿಂತಿತು. ಅವಳು ಇಳಿದಳು. ಮೈ ತುಂಬಿಕೊಂಡಿತ್ತು, ಮುಖಕ್ಕೆ ಬಿಸಿಲಿನ ಬಣ್ಣ ಹತ್ತಿತ್ತು. ಬೆರಳುಗಳು ನೆಟ್ಟಗೆ, ನಯವಾಗಿ, ಯಾರದೋ ಬೆರಳಿನ ಹಾಗೆ. ಅವನು ಎಷ್ಟೋ ದಿನದಿಂದ ಕೂಡಿಟ್ಟ ಮಾತುಗಳನ್ನೆಲ್ಲ ಬಿಟ್ಟು ಹೊರಗೆ ಬಂದದ್ದು "ರಸ್ತೆ ಹೇಗಿತ್ತು?" ಅಂತ.

"ರಸ್ತೆ ಹಾಗೇ ಇತ್ತು. ನೀವ್ಯಾಕೆ ಇಷ್ಟು ಸೊರಗಿದೀರಿ?" ಅಂದಳು. ಆಮೇಲೆ ತಲೆಯೆತ್ತಿ ಮಾಡು ನೋಡಿದಳು. ನೋಡುತ್ತಲೇ ನಿಂತಳು. "ಇದು... ನಮ್ಮನೆ ತಾನೇ?"

"ಒಳಗೆ ಬಾ. ಕೈಯಿಟ್ಟು ನೋಡು."

ಹಿತ್ತಲ ಕೋಣೆಯ ನಲ್ಲಿ ತಿರುಗಿಸಿದ. ಹಬೆಯಾಡುವ ನೀರು ಭೋರೆಂದು ಬಂತು. ಅವಳು ಬೆರಳು ಸೋಕಿಸಿ "ಅಬ್ಬ!" ಅಂತ ಹಿಂದೆಗೆದುಕೊಂಡಳು. ಕಣ್ಣು ಅರಳಿತು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಅವಳು ಆ ಗುನುಗಿಗೆ ಮದುವೆಯಾದವಳು. ತಲೆ ಓರೆ ಮಾಡಿ, ಟ್ಯಾಂಕಿನ ಕಡೆಗೆ ಕಿವಿಗೊಟ್ಟಳು. ಮನೆಯಲ್ಲಿ ಸದ್ದಿಲ್ಲ.

"ಪಂಪ್ ಯಾಕ್ರೀ ಸುಮ್ಮನಿದೆ?"

"ಅದು... ಸ್ವಲ್ಪ ಸುಧಾರಿಸ್ಕೊಳ್ತಿದೆ."

ಅವಳು ಮೂಲೆಗೆ ಹೋದಳು. ಮಾಡಿನಿಂದ ಇಳಿದು ಬರುವ ಪೈಪಿನ ಹೊದಿಕೆ ಸರಿಸಿ ಮುಟ್ಟಿದಳು. ತಣ್ಣಗಿತ್ತು. ಸ್ವಿಚ್ ಬೋರ್ಡಿನ ಕಡೆ ನೋಡಿದಳು. ಕೆಂಪು ದೀಪ ಉರಿಯುತ್ತಿತ್ತು.

"ಊರಿಗೆಲ್ಲ ಜಾಗ ಬಿಡಿ, ಜಾಗ ಬಿಡಿ ಅಂತ ಬುದ್ಧಿ ಹೇಳ್ತೀರಿ. ನನಗೆ ಮಾತ್ರ ಕಾಯಿಲ್ ನೀರಾ?"

"ನೀನು ಬಂದಾಗ ತಣ್ಣಗಿರಬಾರದು ಅಂತ..."

"ಬರೀ ಸೂರ್ಯಂದಾದ್ರೆ ಎಷ್ಟು ಕಾಯ್ತಿತ್ತು? ನಿಜ ಹೇಳಿ."

"ಉಗುರುಬೆಚ್ಚಗೆ" ಅಂದ ಅವನು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಅದಕ್ಕಿಂತ ಮೇಲೆ ಹೋಗಲ್ಲ. ಈ ಊರಲ್ಲಿ ನನ್ನ ಕೈಲಿ ಆಗೋದು ಅಷ್ಟೇನೇ."

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ನೂಲಿಗೆ ಬಣ್ಣ ಹತ್ತಿದೆಯೋ ಇಲ್ಲವೋ ಅಂತ ಲಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳಲ್ಲ, ಹಾಗೆ. ಆಮೇಲೆ ಹೋಗಿ ಸ್ವಿಚ್ ಆರಿಸಿದಳು.

"ಕಾದ ನೀರು ಚೆಲ್ಲೋಕಾಗುತ್ತಾ? ಆ ಹಂಡೆ ಎಳೀರಿ ಇತ್ತ. ಕೋಲಿನ ಮೇಲೆ ಬಿಳೀ ಲಡಿ ಉಳಿದಿತ್ತಲ್ಲ, ಇದೆಯಾ?"

ಇರದೆ ಏನು? ಅವಳು ಬಿಟ್ಟುಹೋದ ಯಾವುದನ್ನೂ ಅವನು ಕದಲಿಸಿರಲಿಲ್ಲ. ಟ್ಯಾಂಕಿನ ಬಿಸಿನೀರೆಲ್ಲ ಹಂಡೆಗೆ ಬಿತ್ತು. ಮೇಲಿನ ಡಬ್ಬಿಯಿಂದ ಕೆಂಪು ಪುಡಿ ಇಳಿಯಿತು. ಹದ ನೋಡಿ, ನೆನೆಸಿದ ಲಡಿಗಳನ್ನು ಒಂದೊಂದಾಗಿ ಮುಳುಗಿಸಿ, ಹಂಡೆಯ ಕೆಳಗೆ ಸಣ್ಣ ಉರಿ ಇಟ್ಟು ತಿರುವುತ್ತಾ ನಿಂತಳು. ಕೊನೆಗೆ ತಿರುಗಿ, ಅವನ ತಲೆಯ ಮೇಲಿದ್ದ ಟೋಪಿ ಕಿತ್ತು, "ಇದನ್ನ ಹಾಕ್ಕೊಂಡು ಓಡಾಡ್ತಿದೀರಾ? ನನ್ನ ಹೆಸರು ಕೆಡಿಸೋಕೆ!" ಅಂತ ಅದನ್ನೂ ಹಂಡೆಗೆ ಒತ್ತಿದಳು.

ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. "ಅಮ್ಮಾ, ಹಂಡೆ ಎತ್ತೋಣವಾ?"

"ಅದರೊಳಗೆ ಬಣ್ಣ ಇದೆಯಪ್ಪ. ತಾನಾಗೇ ಆರಬೇಕು, ಅವಸರ ಮಾಡಿದ್ರೆ ಹಿಡಿಯಲ್ಲ. ನಾಳೆ ಬಾ."

ಮರುದಿನವೂ ಅದೇ ಕಂಬಳಿ ಆಕಾಶ. ಟ್ಯಾಂಕು ತಣ್ಣಗೆ, ಹಸಿದು ಕೂತಿತ್ತು. ಗಂಡ ಹೆಂಡತಿ ಹಿತ್ತಲ ಕೋಣೆಯಲ್ಲಿ ಅದಕ್ಕೆ ಒರಗಿ ಕೂತರು. ಅವನ ಕಣ್ಣು ಎರಡು ಸಲ ಸ್ವಿಚ್ಚಿನ ಕಡೆ ಹೋಯಿತು. ಎರಡು ಸಲವೂ ಅವಳು "ಊಹೂಂ" ಅಂದಳು. ಪಕ್ಕದಲ್ಲಿ ಅವಳ ಭುಜ ಇತ್ತು, ಆದರೂ ಫೋನಿನಾಚೆ ಇದ್ದಾಗಿನದಕ್ಕಿಂತ ಹೆಚ್ಚಾಗಿ ಅವಳು ಬೇಕು ಅನ್ನಿಸುತ್ತಿತ್ತು ಅವನಿಗೆ. ಕೇಳಬೇಕಾದ ಮಾತು ಒಂದೇ ಇತ್ತು. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಅಂತ ಸುಮ್ಮನಿದ್ದ.

ಆಗ ಗುಂಯ್ ಅಂದಿತು.

ಇಬ್ಬರೂ ಅಲುಗಾಡಲಿಲ್ಲ. ಅಲುಗಾಡಿದರೆ ಅದು ಹೆದರಿ ನಿಂತುಬಿಡುತ್ತದೋ ಅನ್ನುವ ಹಾಗೆ. ಮೋಡ ಮೋಡವಾಗಿಯೇ ಇತ್ತು, ಪಂಪು ಮಾತ್ರ ಗುನುಗುತ್ತಲೇ ಇತ್ತು. ಹೊತ್ತು ನೆತ್ತಿಗೇರಿದ ಮೇಲೆ ಅವಳು ಎದ್ದು ನಲ್ಲಿ ಬಿಟ್ಟು ಕೈಯೊಡ್ಡಿದಳು. ಹಾಗೇ ಹಿಡಿದುಕೊಂಡು ನಿಂತಳು.

"ಹೇಗಿದೆ?" ಅಂದ ಅವನು.

"ಉಣ್ಣೆಗೆ ಸರಿಯಾಗಿದೆ" ಅಂದಳು. ಮೊದಲ ಲಡಿ ತೆಗೆದು ಆ ನೀರಿನಲ್ಲಿ ಅದ್ದಿದಳು. ಕೆಂಪು ಬಿಟ್ಟಿತು. ನೀರು ಚೆಲ್ಲಿ ಇನ್ನೊಂದು ಸಲ ತುಂಬಿಸಿದಳು, ಮತ್ತೆ ಕೆಂಪು. ಅವಳ ಬೆರಳು ನೀರಿನೊಳಗೆ ಆರಾಮಾಗಿ ಮಡಚುತ್ತಿತ್ತು, ಬಿಚ್ಚುತ್ತಿತ್ತು. ಕೆಟಲ್ ಒಲೆಯ ಮೇಲೆ ಕೆಲಸವಿಲ್ಲದೆ ಕೂತಿತ್ತು.

ಹೊರಗೆ ಹಾರ್ನ್ ಆಯಿತು. ಅವನು ಹಂಡೆಯ ಅಂಚು ಹಿಡಿದುಕೊಂಡ.

"ಅಮ್ಮಾ, ಆಯ್ತಾ?"

"ಇಲ್ಲಪ್ಪ, ಇನ್ನೂ ಬಣ್ಣ ಬಿಡ್ತಾನೇ ಇದೆ!" ಅವಳು ತಲೆಯೆತ್ತದೆ ಕೂಗಿದಳು.

"ಹಂಗಾದ್ರೆ ಯಾವಾಗ ಬರ್ಲಿ?"

ಅವಳು ನೆನೆದ ಟೋಪಿಯನ್ನು ಹಿಂಡಿ, ಕೊಡವಿ, ಅವನ ಕೈಗೆ ಕೊಟ್ಟಳು. ಅದು ಎಷ್ಟು ಕೆಂಪಾಗಿತ್ತೆಂದರೆ ಆ ಕೋಣೆಯಲ್ಲಿ ಬೇರೆ ಬಣ್ಣವೇ ಇದ್ದ ಹಾಗಿರಲಿಲ್ಲ.

"ನೀರು ತಿಳಿಯಾಗ್ಲಿ, ಹೇಳಿ ಕಳಿಸ್ತೀನಿ" ಅಂದಳು.

ಕೆಂಪು ನೂಲಿಗೆ ಎಷ್ಟು ನೀರು ಬೇಕಾಗುತ್ತದೆ ಅಂತ ಬಿಸಿಲಣ್ಣ ಕೇಳಲಿಲ್ಲ. ಒದ್ದೆ ಟೋಪಿಯನ್ನೇ ತಲೆಗೆ ಹಾಕಿಕೊಂಡು, ಕೊಳವೆಗಳ ಮೇಲಿನ ಧೂಳು ಒರೆಸಲು ಏಣಿ ಹತ್ತಿದ. ಅರ್ಧ ಹತ್ತಿ ಅಭ್ಯಾಸಬಲದಿಂದ ಹಿತ್ತಲ ಬಾಗಿಲ ಕಡೆ ತಿರುಗಿದ. ಬಾಗಿಲು ತೆರೆದಿತ್ತು.